ಸೊಸೆ ಪಾರ್ಟಿನವನಿಗೆ ಹೆಣ್ಣು

ನಾಟಕದಲ್ಲಿ ಪಾರ್ಟು ಕೆಡಿಸಿದವನಿಗೆ ಒಂದೇ ರಾತ್ರಿಯ ಅವಮಾನ. ಮಾರನೆಯ ದಿನ ಅವನು ತನ್ನ ಪಾಡಿಗೆ ತಾನು ಹೊಲಕ್ಕೋ ಅಂಗಡಿಗೋ ಹೋಗಬಹುದು, ಯಾರೂ ಕೇಳುವುದಿಲ್ಲ. ಚೆನ್ನಾಗಿ ಮಾಡಿದವನಿಗೆ ಮಾತ್ರ ಬಿಡುಗಡೆ ಇಲ್ಲ. ಶಿಕಾರಿಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂರುತ್ತಿದ್ದ ನಾನು, ಅಪ್ಪ ಅವ್ವ ಇಟ್ಟ ಹೆಸರು ಕಳೆದುಕೊಂಡು ಊರಿಗೆಲ್ಲ 'ಸೊಸೆ' ಆದದ್ದು ಹೀಗೆ ಚೆನ್ನಾಗಿ ಮಾಡಿಬಿಟ್ಟ ತಪ್ಪಿಗೆ. ಕುಪ್ಪಸದ ಖಣ ಕೊಳ್ಳಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು, "ಬಾರೇ, ಸೊಸಿ ಒಬ್ಬಾಕಿನೇ ಕುಂತಾಳ, ಮಾವ ಇಲ್ಲ, ರೇಟು ಇಳಿಸ್ತಾಳ" ಎಂದು ಮಾತಾಡಿಕೊಳ್ಳುತ್ತಿದ್ದರು. ಮಾವ ಎಂದರೆ ನಮ್ಮಪ್ಪ.

ಇದು ನಯಾಪೈಸೆ ಬಂದ ಹೊಸದರ ಮಾತು. ಆಗ ನಮ್ಮೂರ ಹೆಣ್ಣುಮಕ್ಕಳು ರಂಗದ ಮೇಲೆ ಬರುತ್ತಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಚನ್ನಬಸಪ್ಪನವರು ನಮ್ಮಂಥ ಕೆಲಸವಿದ್ದೂ ಇಲ್ಲದ ಹುಡುಗರನ್ನು ಕೂಡಿಸಿ ಒಂದು ಸಾಮಾಜಿಕ ನಾಟಕ ಕಲಿಸಿದರು. ನಾನು ಕೇಳಿದ್ದು ಪೊಲೀಸ್ ಇನ್‌ಸ್ಪೆಕ್ಟರ್ ಪಾರ್ಟು. ಅದು ಉದ್ದಕ್ಕಿದ್ದ ಇನ್ನೊಬ್ಬನ ಪಾಲಾದಾಗ ನನಗೆ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಅದನ್ನು ನೋಡಿದವರೇ, "ಸಣ್ಣಕ ಅದೀ, ಅಳೂನೂ ಛಲೋ ಬರ್ತೈತಿ. ನೀನೇ ಸೊಸಿ" ಎಂದು ತೀರ್ಮಾನ ಮಾಡಿಬಿಟ್ಟರು. ಅತ್ತೆಯ ಕಾಟ ತಿನ್ನುವ ಸೊಸೆ. ಮೊದಲ ಅಂಕದಿಂದ ಕೊನೆಯವರೆಗೆ ಅಳುವುದೇ ನನ್ನ ಉದ್ಯೋಗ. ಇದಕ್ಕಾಗಿ ಮೀಸೆ ತೆಗೆಸಬೇಕಾಯಿತು. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಸುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಆ ದಿನ ಅಪ್ಪ ನನ್ನ ಬೋಳು ಮೂತಿಯನ್ನು ನೋಡಿ, "ನಾ ಸತ್ತದ್ದು ನನಗಾರ ಒಂದು ಮಾತು ಹೇಳಬೇಕಿತ್ತಲ್ಲೋ" ಎಂದು ಊಟ ಬಿಟ್ಟು ಎದ್ದರು.

ಆದರೆ ಸೊಸೆ ಗೆದ್ದಳು. ಈಸೂರಿನಲ್ಲಿ ಆಡಿದೆವು, ಉಡುತಡಿಯಲ್ಲಿ ಆಡಿದೆವು, ಸೊರಬಕ್ಕೂ ಕರೆಸಿಕೊಂಡರು. ಉಡುತಡಿಯಲ್ಲಂತೂ ಅತ್ತೆ ನನ್ನನ್ನು ಉಪವಾಸ ಕೆಡವಿದ ದೃಶ್ಯ ಮುಗಿದು ಒಳಗೆ ಬಂದರೆ, ಒಬ್ಬ ಮುದುಕಿ ಮೊಸರನ್ನದ ಬುತ್ತಿ ಹಿಡಿದು ಬಣ್ಣದ ಮನೆಗೇ ಬಂದಿದ್ದಳು. "ಉಣ್ಣವ್ವ, ಆಕಿ ಬರೂದ್ರಾಗ ಲಗೂನ ಉಣ್ಣು" ಎಂದು ಬಾಗಿಲು ಕಾಯುತ್ತ ನಿಂತಳು. ಪಕ್ಕದಲ್ಲೇ ಬೀಡಿ ಸೇದುತ್ತ ಕೂತಿದ್ದ ಅತ್ತೆ ಪಾರ್ಟಿನವನು ಬೀಡಿ ಬಿಸಾಕಿ ಪರದೆಯ ಹಿಂದೆ ಅಡಗಿಕೊಂಡ. ನಾನು ಸೀರೆಯಲ್ಲೇ ಕೂತು ಉಂಡೆ. ಮೊಸರು ಚೆನ್ನಾಗಿತ್ತು.

ತೊಂದರೆ ಶುರುವಾದದ್ದು ನನಗೆ ಹೆಣ್ಣು ನೋಡಲು ಹೊರಟಾಗ. ಹೋದ ಕಡೆಯೆಲ್ಲ ನನ್ನ ಕೀರ್ತಿ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಒಬ್ಬರು, "ಹುಡುಗ ಒಳ್ಳೆಯವನೇ, ಆದರೆ ನಮ್ಮ ಹುಡುಗಿಗಿಂತ ಚಂದ ಸೀರೆ ಉಡ್ತಾನಂತಲ್ಲ" ಎಂದು ಕೈಬಿಟ್ಟರು. ಇನ್ನೊಬ್ಬರು ಕಾರಣವನ್ನೂ ಹೇಳಲಿಲ್ಲ, ನಕ್ಕು ಎಲೆ ಅಡಿಕೆ ಕೊಟ್ಟು ಕಳಿಸಿದರು. ಕೊನೆಗೆ ಸೊರಬದಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ನೀಲಮ್ಮ. ಚಂದ್ರಗುತ್ತಿಗೆ ಹೋದಾಗ ನಾನು ಅವಳನ್ನು ದೂರದಿಂದ ನೋಡಿದ್ದೆ, ಇವಳಾದರೆ ಸಾಕಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಅಪ್ಪ, "ನಾಟಕದ ಸುದ್ದಿ ತೆಗೀಬ್ಯಾಡ. ಇದೂ ತಪ್ಪಿತಂದ್ರ ನಾ ಹೆಣ್ಣು ಹುಡುಕಂಗಿಲ್ಲ, ನಿನಗೇ ಸೀರಿ ಉಡಿಸಿ ಗಂಡು ಹುಡುಕ್ತೀನಿ" ಎಂದರು. ನಾನು ಆಗಲೇ ಮೀಸೆ ಬಿಟ್ಟಿದ್ದೆ. ಅದು ಇನ್ನೂ ಇದೆಯೋ ಇಲ್ಲವೋ ಎಂಬಷ್ಟಿತ್ತು. ಹೆಗಲ ಮೇಲೆ ಅಪ್ಪನದೇ ಜರಿ ಶಲ್ಯ ಹಾಕಿಕೊಂಡು ಗಂಡಸಿನಂತೆ ಕಾಲಗಲಿಸಿ ನಡೆಯುತ್ತ ಹೋದೆ.

ಸೊರಬದ ಮನೆಯಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ನೀಲಮ್ಮ ಉಪ್ಪಿಟ್ಟು ತಂದಿಟ್ಟಳು. ನಾನು ಹತ್ತಿಯ ಧಾರಣೆ, ಬಸ್ಸಿನ ಧೂಳು ಎಂದು ದಪ್ಪ ದನಿಯಲ್ಲಿ ಮಾತಾಡಿದೆ. ಅಷ್ಟರಲ್ಲಿ ಹುಡುಗಿಯ ಅಜ್ಜ ಹೊರಗಿನಿಂದ ಬಂದರು. ಒಳಗೆ ಹೆಂಗಸರಿರುತ್ತಾರೆಂದು ಹಿರಿಯರು ಹೊಸ್ತಿಲ ಹೊರಗೆ ಒಮ್ಮೆ ಕೆಮ್ಮಿ ಬರುವುದು ವಾಡಿಕೆಯಲ್ಲವೇ, ಅವರೂ ಕೆಮ್ಮಿದರು. ನಮ್ಮ ನಾಟಕದಲ್ಲಿ ಮಾವನ ಕೆಮ್ಮು ಕೇಳಿದ ಕೂಡಲೇ ಸೊಸೆ ಎದ್ದು ಮೂಲೆಗೆ ಸರಿಯಬೇಕೆಂದು ಮೇಷ್ಟ್ರು ನನಗೆ ಬೈದು ಬೈದು ಕಲಿಸಿದ್ದರು. ಕೆಮ್ಮು ಕಿವಿಗೆ ಬಿದ್ದದ್ದೇ ತಡ, ನಾನು ಧಡಕ್ಕನೆ ಎದ್ದೆ. ಶಲ್ಯವನ್ನು ತಲೆಯ ಮೇಲೆ ಎಳೆದುಕೊಂಡೆ. ಗೋಡೆಗೆ ಸರಿದು ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತೆ.

ಅಪ್ಪ ಹಿಡಿದ ಕಾಫಿ ಲೋಟ ಹಿಡಿದ ಹಾಗೇ ಇತ್ತು. ಅಜ್ಜ ಬಾಗಿಲಲ್ಲೇ ನಿಂತು, "ಇದ್ಯಾರು, ಹುಡುಗನ ತಂಗಿಯಾ?" ಎಂದು ಕೇಳಿದರು. ಮೂಲೆಯಲ್ಲಿ ಎಲೆ ಜಗಿಯುತ್ತಿದ್ದ ಅಜ್ಜಿ ಎದ್ದು ಹತ್ತಿರ ಬಂದು ಶಲ್ಯದೊಳಗೆ ಮುಖ ಹಾಕಿ ನೋಡಿ, "ಇವ ಆ ಸೊಸೆ ಅಲ್ಲನ?" ಎಂದಳು. ಸೊರಬದಲ್ಲಿ ನಾವು ಆಡಿದಾಗ ಮುಂದಿನ ಸಾಲಿನಲ್ಲೇ ಕೂತಿದ್ದಳಂತೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮದುವೆ ಹೋಯಿತು, ನೀಲಮ್ಮ ಹೋದಳು, ಇನ್ನು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಹೋಗುವುದೊಂದು ಬಾಕಿ ಎಂದುಕೊಂಡೆ.

"ಅತ್ತೆ ನಿನ್ನ ತವರಿನೋರನ್ನ ಬೈದಾಗ ಅಷ್ಟು ಅತ್ತ್ಯಲ, ಅದು ಸುಳ್ಳನ ಖರೇನ?" ಎಂದು ಅಜ್ಜಿ ಕೇಳಿದಳು.

"ಖರೇನ ಅಜ್ಜಿ. ಹೊಟ್ಟಿ ಉರೀತಿತ್ತು" ಎಂದೆ. ಅದು ನಿಜವೂ ಆಗಿತ್ತು.

ಅಜ್ಜಿ ತನ್ನ ಮಗ, ನೀಲಮ್ಮನ ಅಪ್ಪನ ಕಡೆ ತಿರುಗಿ, "ಕೊಟ್ಟುಬಿಡ ಮಾರಾಯ. ಸೊಸೆ ಕಷ್ಟ ಏನಂತ ಗೊತ್ತಿರ ಗಂಡಸು ಈ ಸೀಮೆಯಾಗೆ ಇನ್ನೊಬ್ಬ ಸಿಕ್ಕದಿಲ್ಲ. ನಮ್ಮ ಕೂಸು ಸುಖವಾಗಿರ್ತದೆ" ಎಂದಳು. ಒಳಬಾಗಿಲಲ್ಲಿ ನೀಲಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಹೀಗೆ ನನ್ನ ಮದುವೆಯಾಯಿತು. ಮೀಸೆಯೂ ದಪ್ಪವಾಯಿತು. ನಾಟಕ ತಾನಾಗಿಯೇ ನಿಂತಿತು.

ಸೊರಬದ ಕಡೆ ಅಕ್ಕಿ ರೊಟ್ಟಿ, ನಮ್ಮಲ್ಲಿ ಜೋಳದ್ದು. ನೀಲಮ್ಮನ ಕೈಗೆ ಜೋಳದ ಹಿಟ್ಟು ಒಗ್ಗಿರಲಿಲ್ಲ. ತಟ್ಟಿದರೆ ಅಂಚು ಬಿರಿಯುತ್ತಿತ್ತು, ಎತ್ತಿದರೆ ಮುರಿಯುತ್ತಿತ್ತು. ಒಂದು ಮಧ್ಯಾಹ್ನ ನಾನು ಉಣ್ಣಲು ಕೂತಿದ್ದಾಗ ನಮ್ಮವ್ವ ಒಂದು ತುಂಡನ್ನು ಎತ್ತಿ ಹಿಡಿದು, "ಇದು ರೊಟ್ಟಿಯೋ ಸಗಣಿ ಕುಳ್ಳೋ? ನಿಮ್ಮವ್ವ ಒಂದು ರೊಟ್ಟಿನಾರ ಕಲಿಸಿ ಕಳಿಸಬಾರದಿತ್ತೇನು?" ಎಂದಳು. ನೀಲಮ್ಮ ಅಳಲಿಲ್ಲ. ಒಲೆಯ ಮುಂದಿನಿಂದ ತಿರುಗಿ ನನ್ನ ಮುಖ ನೋಡಿದಳು. ಈ ಮಾತಿಗೆ ಸೊಸೆ ಏನು ಹೇಳಬೇಕೆಂಬುದು ನನಗೆ ಅಕ್ಷರ ಬಿಡದೆ ಬಾಯಿಪಾಠವಾಗಿತ್ತು. ಎಷ್ಟು ಊರಿನ ಜನ ಅದನ್ನು ಕೇಳಿ ಕಣ್ಣೊರೆಸಿಕೊಂಡಿದ್ದರು. ಆದರೆ ಎದುರಿಗಿದ್ದವಳು ನಮ್ಮವ್ವ. ನಾನು ಪಲ್ಯ ಚೆನ್ನಾಗಿದೆ ಎಂಬಂತೆ ತಲೆ ತಗ್ಗಿಸಿ ಉಂಡು ಮುಗಿಸಿದೆ.

ಅವ್ವ ಹಿತ್ತಲಿಗೆ ಹೋದ ಮೇಲೆ ನೀಲಮ್ಮ ಕೈಗೆ ನೀರು ಕೊಡುತ್ತ ಕೇಳಿದಳು: "ಅಲ್ರೀ, ಆ ನಾಟಕದಾಗೆ ಸೊಸೆಗೆ ಗಂಡ ಅಂತ ಒಬ್ಬ ಇರಲಿಲ್ಲನ?"

"ಇದ್ದ. ಆದರ ಮಾತಿರಲಿಲ್ಲ" ಎಂದೆ.

"ಮತ್ತೆ ಎಂತ ಮಾಡ್ತಿದ್ದ?"

"ಏನಿಲ್ಲ. ಬರೂದು, ಉಣ್ಣೂದು, ಕೈ ತೊಳಕೊಂಡು ಹೋಗೂದು."

"ಆ ಪಾರ್ಟೂ ನಿಮಗೆ ಚೆನ್ನಾಗೇ ಬರ್ತದೆ ಕಣ್ರೀ" ಎಂದು ಅವಳು ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.