ಅರವತ್ತು ದಾಟಿದರೆ ನಡುಗುವ ಕಾರು

ನಮ್ಮ ಸೋದರಮಾವ ಜೀವನದಲ್ಲಿ ಯಾವ ಕೆಲಸವನ್ನೂ ಒಬ್ಬರನ್ನೇ ಕೇಳಿ ಮಾಡಿದವನಲ್ಲ. ಹತ್ತು ಜನರನ್ನು ಕೇಳುತ್ತಾನೆ. ಕೇಳಿ ಸುಮ್ಮನಾದರೆ ಚಿಂತೆಯಿಲ್ಲ, ಹತ್ತೂ ಜನ ಹೇಳಿದ್ದನ್ನು ಮಾಡುತ್ತಾನೆ! ಒಮ್ಮೆ ಕೆಮ್ಮು ಬಂದಾಗ ಮೆಣಸಿನ ಕಷಾಯ, ಅರಿಸಿನದ ಹಾಲು, ಉಪ್ಪುನೀರು, ಡಾಕ್ಟರ ಔಷಧ ಎಲ್ಲವನ್ನೂ ಒಂದೇ ಬೆಳಿಗ್ಗೆ ಕುಡಿದ. ಕೆಮ್ಮು ಹೋಯಿತು, ಹೊಟ್ಟೆ ಕೆಟ್ಟಿತು. "ಕೆಮ್ಮು ಹೋತೋ ಇಲ್ಲೋ?" ಎಂದು ಗೆದ್ದವನಂತೆ ನನ್ನನ್ನೇ ಕೇಳಿದ. ಇಂಥವನ ಕೈಗೆ ಒಂದು ಹಳೇ ಕಾರು ಸಿಕ್ಕರೆ ಏನಾಗಬೇಕು, ನೀವೇ ಹೇಳಿ.

ಮಾವ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾದವನು. ಚೀಲ ಕಾಟಾದ ಮೇಲೆ ಏರುವ ಮೊದಲೇ ಅದರ ತೂಕ ಹೇಳಿಬಿಡುತ್ತಿದ್ದ. ಕಾಟಾದ ಮುಳ್ಳು ತೋರಿಸಿದ್ದು ಮಾತ್ರ ನಿಜ, ಉಳಿದದ್ದೆಲ್ಲ ಸುಳ್ಳು ಎನ್ನುವ ಮನುಷ್ಯ. ದೃಷ್ಟಿ, ಶಕುನ, ತಾಯಿತ ಎಂದರೆ ಮೈಯೆಲ್ಲ ಉರಿ. ಅತ್ತೆಯದು ಇದಕ್ಕೆ ತದ್ವಿರುದ್ಧ. ಬೆಕ್ಕು ಅಡ್ಡ ಬಂದರೆ ಮನೆಗೆ ಮರಳಿ, ನೀರು ಕುಡಿದು, ಸ್ವಲ್ಪ ಕೂತು, ಆಮೇಲೆ ಹೊರಡುವವಳು. ಇಬ್ಬರೂ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರೋ ನನಗಂತೂ ತಿಳಿದಿಲ್ಲ.

ಮಾವ ಗುಂತಕಲ್ಲಿನಿಂದ ಆ ಬಿಳೀ ಕಾರನ್ನು ತಂದದ್ದು ಅತ್ತೆಗಾಗಿಯೇ. ಆಕೆಯ ತವರು ನಂದವರಂ. ಮದುವೆಯಾದಾಗಿನಿಂದ ಬಸ್ಸಿನಲ್ಲಿ ನಿಂತು, ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ತವರಿಗೆ ಹೋದವಳನ್ನು ಸ್ವಂತ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕು, ಅವರ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯಬೇಕು. ಅವನ ಆಸೆ ಇಷ್ಟೇ, ಆದರೆ ಅದನ್ನು ಇಡೀ ಓಣಿಗೆ ಹೇಳಿಟ್ಟಿದ್ದ.

ಕಾರು ಬಂದ ದಿನ ಅತ್ತೆ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಎಲ್ಲರೂ ಮಾಡುವುದೇ ತಾನೆ? ಮಾವ ಬಗ್ಗಿ ನಾಲ್ಕನ್ನೂ ಹೆಕ್ಕಿಕೊಂಡ. "ನಿಂಬಿಹಣ್ಣು ಟೈರಿಗೆ ಅಲ್ಲ, ಶರಬತ್ತಿಗೆ" ಎಂದು ಒಳಗೆ ಹೋಗಿ, ತಾನೇ ಶರಬತ್ತು ಮಾಡಿ, ನೋಡಲು ಬಂದವರಿಗೆಲ್ಲ ಹಂಚಿದ. ಎಲ್ಲರೂ ಚಪ್ಪರಿಸಿ ಕುಡಿದೆವು. ಅತ್ತೆ ಮಾತ್ರ ಲೋಟ ಮುಟ್ಟಲಿಲ್ಲ.

ಮುಂದಿನ ವಾರ ಇಬ್ಬರೂ ನಂದವರಕ್ಕೆ ಹೊರಟರು. ಊರು ದಾಟುವತನಕ ಕಾರು ಹಸುವಿನಂಥದ್ದು. ವೇಗ ಅರವತ್ತು ದಾಟಿತೋ ಇಲ್ಲವೋ, ಸ್ಟೇರಿಂಗು ಹಿಟ್ಟಿನ ಗಿರಣಿಯ ಹಾಗೆ ಗಡಗಡ ನಡುಗತೊಡಗಿತು. ಅತ್ತೆ ಅಲ್ಲೇ ಇಳಿದಳು. "ಇದರ ನಡುಕ ನಿಲ್ಲೂತನಕ ನಾ ಇದರಾಗ ಕುಂದ್ರೂದಿಲ್ರಿ" ಎಂದು ಹಿಂದಿನಿಂದ ಬಂದ ಆಟೋ ಹತ್ತಿ ಮನೆಗೆ ಬಂದಳು.

ಮಾವನಿಗೆ ತಲೆ ಕೆಟ್ಟಿತು. ಗುಂತಕಲ್ಲಿನಿಂದ ತರುವಾಗ ಎಂಬತ್ತರಲ್ಲಿ ಓಡಿಸಿದ್ದನಂತೆ, ಎಲೆಯಷ್ಟೂ ಅಲುಗಿರಲಿಲ್ಲವಂತೆ. ದಾರಿಯಲ್ಲಿ ಇಲ್ಲದ ರೋಗ ಮನೆಯ ಮುಂದೆ ನಿಂತಾಗ ಹೇಗೆ ಬಂತು? ಟೈರಿನ ಅಂಗಡಿಗೆ ಒಯ್ದ. ಅಲ್ಲಿಯ ಮೇಸ್ತ್ರಿ ಗಾಲಿಗಳನ್ನು ಬಿಚ್ಚಿ, ಮಶೀನಿಗೆ ಹಾಕಿ ತಿರುಗಿಸಿ, ತೂಕ ಸಮ ಮಾಡಲು ಸೀಸದ ಚೂರು ಅಂಟಿಸಿ, "ಕ್ಲಿಯರ್ ಸಾರ್" ಎಂದ. ಸಿರುಗುಪ್ಪದ ರಸ್ತೆಗೆ ಬಂದು ನೋಡಿದರೆ ಅದೇ ನಡುಕ!

ಇನ್ನು ಮಾವ ಬಿಡುತ್ತಾನೆಯೇ? ಒಬ್ಬ ಅಲೈನ್ಮೆಂಟ್ ಅಂದ, ಮಾಡಿಸಿದ. ಒಬ್ಬ ಸ್ಟೇರಿಂಗಿನ ರಾಡು ಅಂದ, ಬದಲಾಯಿಸಿದ. ಚಹಾದ ಅಂಗಡಿಯವನು ಬ್ರೇಕು ಅಂದ. ಅದೂ ಆಯಿತು. ಇದರ ನಡುವೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕೈಗೆ ತುಂಬಿದ ನೀರಿನ ಲೋಟ ಕೊಟ್ಟು, ಪೆದ್ದಹರಿವಾಣದ ಕಡೆ ಓಡಿಸಿದ. ವೈಜ್ಞಾನಿಕ ಪರೀಕ್ಷೆಯಂತೆ.

"ಎಷ್ಟು ಚೆಲ್ಲಿತೋ ಅಳಿಯಾ?"

"ಎಲ್ಲಾ ಚೆಲ್ಲೈತಿ ಮಾವ, ನನ್ನ ಪ್ಯಾಂಟಿನ ಮ್ಯಾಲೆ."

"ಅದಲ್ಲೋ, ಎಡಕ್ಕ ಚೆಲ್ಲಿತೋ ಬಲಕ್ಕೋ?"

ಒದ್ದೆಯಾದವನಿಗೆ ಎಡ ಯಾವುದು, ಬಲ ಯಾವುದು!

ಆಮೇಲೆ ಯಾರೋ ಬಸ್ ಡ್ರೈವರ್ ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಲು ಹೇಳಿದ. ಹಾಕಿಸಿದ. ಆಶ್ಚರ್ಯ ನೋಡಿ, ಸ್ಟೇರಿಂಗು ತಣ್ಣಗಾಯಿತು. ಆದರೆ ಈಗ ಸೀಟು ನಡುಗತೊಡಗಿತು! "ರೋಗಂ ವೆನಕ್ಕಿ ಪೋಯಿಂದಿ ಸಾರ್" ಎಂದ ಮೇಸ್ತ್ರಿ ತೆಲುಗಿನಲ್ಲಿ, ರೋಗ ಹಿಂದಕ್ಕೆ ಹೋಗಿದೆಯೆಂದು, ಸಂಧಿವಾತದ ಬಗ್ಗೆ ಹೇಳುವ ವೈದ್ಯನಂತೆ. ಮತ್ತೊಮ್ಮೆ ಗಾಲಿ ಬಿಚ್ಚಿ ಜೋಡಿಸಿದಾಗ ರೋಗ ಮುಂದಕ್ಕೇ ಬಂದಿತ್ತು. ಈ ಹೊತ್ತಿಗೆ ನನಗೆ ಕಾರಿನ ಮೇಲಲ್ಲ, ನನ್ನ ಬುದ್ಧಿಯ ಮೇಲೆಯೇ ಅನುಮಾನ ಬಂದಿತ್ತು.

ಅಷ್ಟರಲ್ಲಿ ಅತ್ತೆಯ ತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ಅತ್ತೆ ಬಸ್ಸಿಗೇ ಹೊರಟಳು. ಮಾವ ಏನು ಮಾಡಿದ ಅಂತೀರಿ? ಆಕೆಯ ಬ್ಯಾಗನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟುಕೊಂಡು, ಐವತ್ತು ದಾಟದಂತೆ ಬಸ್ಸಿನ ಹಿಂದೆಯೇ ನಂದವರದವರೆಗೂ ಹೋದ. ಬಸ್ಸು ನಿಂತಲ್ಲೆಲ್ಲ ತಾನೂ ನಿಂತ. ಕಂಡಕ್ಟರನಿಗೆ ದಿಗಿಲಾಯಿತಂತೆ. "ಯಾರೋ ನಮ್ಮ ಬೆನ್ನ ಹತ್ಯಾನ" ಎಂದು ಡ್ರೈವರನಿಗೆ ಹೇಳಿದನಂತೆ. ಕಿಟಕಿಯ ಪಕ್ಕ ಕೂತ ಅತ್ತೆ, "ಅಂಜಬ್ಯಾಡಪಾ, ಅವರು ನಮ್ಮ ಮನಿಯವರ" ಎಂದಳಂತೆ. ನಾವು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ನಗಲಿಲ್ಲ. ಅತ್ತೆಯ ತವರಿನ ಮುಂದೆ ಹಾರ್ನ್ ಕೂಡ ಹೊಡೆದಿರಲಿಲ್ಲವಂತೆ.

ಕೊನೆಗೆ ಮತ್ತೆ ಅದೇ ಟೈರಿನ ಅಂಗಡಿ. ಮೇಸ್ತ್ರಿಗೂ ಬೇಸರ ಬಂದಿತ್ತು. ಗಾಲಿಯ ಮೇಲೆ ಕೂರುವ ಪ್ಲಾಸ್ಟಿಕ್ ವೀಲ್ ಕ್ಯಾಪುಗಳನ್ನು ಹಾಕಲೇ ಇಲ್ಲ. "ನಾಳಿ ಮತ್ತ ಬರತೀರಲ್ಲ ಸಾರ್" ಎಂದು ಅವನ್ನು ಡಿಕ್ಕಿಯಲ್ಲಿ ತುಂಬಿದ. ರಸ್ತೆಗೆ ಬಂದೆವು. ಅರವತ್ತು, ಎಪ್ಪತ್ತು, ಎಂಬತ್ತು. ನಡುಕವಿಲ್ಲ! ನನ್ನ ಕೈಯ ಲೋಟದಿಂದ ಒಂದು ಹನಿಯೂ ಬೀಳಲಿಲ್ಲ.

ಮಾವ ಮನೆಗೆ ಬಂದವನೇ, "ಸೀರಿ ಉಟಗೋ, ನಂದವರಕ್ಕ ಹೋಗೂಣು" ಎಂದ. ಅತ್ತೆ ಒಳಗೆ ಹೋದಳು. ತವರಿಗೆ ಹೋಗುವ ಕಾರು ಬೋಳು ಗಾಲಿಯಲ್ಲಿ ಹೋಗಬಾರದೆಂದು ಮಾವ ತಾನೇ ವೀಲ್ ಕ್ಯಾಪು ಹಾಕಲು ಕೂತ. ಅಲ್ಲಿಯವರೆಗೆ ಆ ಕೆಲಸವನ್ನು ಅಂಗಡಿಯವರೇ ಮಾಡುತ್ತಿದ್ದರು. ಒಂದನ್ನು ಎತ್ತಿದವನು ಹಾಗೇ ನಿಂತ. ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದ. "ಇದರಾಗ ಕಾಲು ಕಿಲೋ ಹೆಚ್ಚಿಗಿ ಐತಿ" ಎಂದ.

ತಿರುಗಿಸಿ ನೋಡಿದರೆ ಕ್ಯಾಪಿನ ಒಳಮೈಗೆ, ಒಂದು ಅಂಚಿನಲ್ಲಿ, ತಂತಿಯಿಂದ ಬಿಗಿದ ಕರೀ ಬಟ್ಟೆಯ ಗಂಟು. ಬಿಚ್ಚಿದ. ಒಳಗೆ ಕುದುರೆಯ ಲಾಳ!

ಕೂಡಲೇ ಮೇಸ್ತ್ರಿಗೆ ಫೋನು ಹಚ್ಚಿದ.

"ಅದು ಮೊದಲನೇ ದಿನಾನ ಕಂಡಿತ್ತು ಸಾರ್" ಎಂದ ಮೇಸ್ತ್ರಿ, ಬಹಳ ಭಕ್ತಿಯಿಂದ. "ನೀವ ಕಟ್ಟೀರಿ ಅಂದುಕೊಂಡ್ವಿ. ಕಟ್ಟಿದ ರಕ್ಷೆ ಬಿಚ್ಚಬಾರದಲ್ರಿ. ಕೈ ಮುಗಿದು ಹಂಗ ಹಾಕತಿದ್ವಿ."

"ಅದರಿಂದನ ನಡಗತೈತಿ ಅಂತ ಅನಮಾನ ಬರಲಿಲ್ಲೇನು?"

"ಬಂದಿತ್ತು ಸಾರ್. ಆದರ ಹೆಂಗ ಹೇಳೂದು?"

ಮಶೀನಿನ ಮೇಲೆ ತಿರುಗುತ್ತಿದ್ದದ್ದು ಬರೀ ಗಾಲಿ, ರಸ್ತೆಯ ಮೇಲೆ ತಿರುಗುತ್ತಿದ್ದದ್ದು ಲಾಳ ಹೊತ್ತ ಗಾಲಿ. ಕ್ಯಾಪನ್ನು ಕೈಗೆ ಸಿಕ್ಕ ಗಾಲಿಗೆ ಹಾಕುತ್ತಿದ್ದುದರಿಂದ ರೋಗ ಮುಂದಕ್ಕೂ ಹಿಂದಕ್ಕೂ ಓಡಾಡುತ್ತಿತ್ತು. ಜೀವನವಿಡೀ ತೂಕ ಹಿಡಿದವನ ಮನೆಯ ಮುಂದೆಯೇ ಕಾಲು ಕಿಲೋ ಕಣ್ಣು ತಪ್ಪಿಸಿಕೊಂಡಿತ್ತು.

ಅಷ್ಟರಲ್ಲಿ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದಳು. ಮಾವನ ಕೈಯಲ್ಲಿ ಲಾಳ ಕಂಡು ಅಲ್ಲೇ ನಿಂತಳು.

"ನಿಂಬಿಹಣ್ಣು ತುಳಸಲಿಲ್ಲ ನೀವು. ಕನ್ನಡಿಗಿ ಕಟ್ಟಿದ್ರ ಕಿತ್ತು ಒಗೀತೀರಿ. ಅದಕ್ಕ ನೀವು ಮಲಗಿದ್ದಾಗ ಸೌಟಿನ ಹಿಡೀಲೆ ಈ ಮುಚ್ಚಳ ಮೀಟಿ ಒಳಗ ಕಟ್ಟಿದೆ. ದಿನಾ ಒಬ್ಬರೇ ಗಾಡಿ ತಗೊಂಡು ಹೋಗತೀರಿ. ನೀವು ತಿರುಗಿ ಬರೂತನಕ ನನ್ನ ಜೀವ ಜೀವದಾಗ ಇರೂದಿಲ್ರಿ." ಲಾಳದ ಕಡೆ ಬೆರಳು ಮಾಡಿ, "ಲಾಳ ಕಟ್ಟಿದ್ರೂ ನಡಗತೈತಿ ಅಂದ್ರ ದೃಷ್ಟಿ ದೊಡ್ಡದು ಅಂತ ಇನ್ನೊಂದು ಕಟ್ಟಬೇಕಂತ ಮಾಡಿದ್ದೆ" ಎಂದಳು.

ಈಗ ದೊಡ್ಡ ಭಾಷಣವಾಗುತ್ತದೆ ಎಂದು ನಾನು ಹಿಂದೆ ಸರಿದೆ. ಮಾವ ಮಾತ್ರ ಲಾಳವನ್ನು ಮತ್ತೆ ಬಟ್ಟೆಯೊಳಗಿಟ್ಟ. ಗಂಟನ್ನು ಮೊದಲಿನಂತೆ ಸುತ್ತಿ, ತಂತಿಯನ್ನು ಅದೇ ಜಾಗದಲ್ಲಿ ಬಿಗಿದ. ಆಮೇಲೆ ಅದರ ಎದುರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಎಲ್ಲಿ ತಂದಿ ಇದನ್ನ?"

"ಜಟಕಾ ಸ್ಟ್ಯಾಂಡಿನ್ಯಾಗ."

"ಮದಲ ಅಲ್ಲಿಗಿ ಹೋಗೂಣು. ಇಂಥಾದ ಇನ್ನೊಂದು ತಗೊಂಡು ಈ ಕಡೆ ಕಟ್ಟೂಣು."

"ತೂಕ ಸಮ ಆಗಾಕೇನ್ರಿ?" ಎಂದಳು ಅತ್ತೆ, ಅನುಮಾನದಿಂದ.

"ಅದೂ ಆಗತೈತಿ" ಎಂದ ಮಾವ, ತಲೆ ಎತ್ತದೆ. "ಇದು ನನಗ ಕಟ್ಟಿದ್ದು. ನೀ ನನ್ನ ಬಾಜೂಕ ಕುಂದ್ರತೀಯಲ್ಲ, ನಿನಗ ಯಾರು ಕಟ್ಯಾರ?"