ಹುಳಪ್ಪನ ಹೊಸ ಕುಟುಂಬ

ಆ ಕಟ್ಟಡದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮೆಟ್ಟಿಲ ಮೇಲೆ ಮಾತ್ರ. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

"ಇಲ್ಲ ಮೇಡಂ, ನಾನು ತೀರ್ಮಾನ ಮಾಡ್ಬಿಟ್ಟಿದೀನಿ," ಎಂದು ಹುಳಪ್ಪ ಬೆಳಿಗ್ಗೆ ಬನಿಯನ್ನಿನಲ್ಲೇ ನಿಂತು ಕೂಗುತ್ತಿದ್ದ. "ಇಷ್ಟು ವರ್ಷ ತಪ್ಪು ಕುಟುಂಬದ ಜೊತೆ ಒದ್ದಾಡಿದ್ದು ಸಾಕು. ಇವತ್ತೇ ಹೊಸ ಕುಟುಂಬ. ಬಣ್ಣ ಕಪ್ಪು, ಆದ್ರೆ ಏನು ಹೊಳಪು ಅಂತೀರಿ. ಮಧ್ಯಾಹ್ನ ನೀವೇ ನೋಡಿ."

ಹುಳಪ್ಪ ಎಂಬುದು ಅಕ್ಕಪಕ್ಕದವರು ಇಟ್ಟ ಹೆಸರು. ಮ್ಯೂಸಿಯಮ್ಮಿನ ಕೀಟಗಳ ಗೋದಾಮಿನಲ್ಲಿ, ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತಾ ಸತ್ತ ಹುಳಗಳನ್ನು ವಿಂಗಡಿಸುವುದು ಅವನ ಕೆಲಸ. ಅಲ್ಲಿ ಕತ್ತಲೆ ಜೀರುಂಡೆಗಳ ಕುಟುಂಬದ ಡಬ್ಬಿಯಲ್ಲಿ ಬಿದ್ದಿದ್ದ ಒಂದು ಹುಳ ನಿಜವಾಗಿ ನೆಲಜೀರುಂಡೆಗಳ ಕುಟುಂಬದ್ದು ಎಂದು ಅವನು ಪತ್ತೆ ಮಾಡಿದ್ದ. ಅದರ ಮೀಸೆ ಉದುರಿತ್ತು, ಹೊಟ್ಟೆಗೆ ಹಳೇ ಗೋಂದು ಮೆತ್ತಿತ್ತು. ಉಳಿದಿದ್ದ ಸಾಕ್ಷಿ ಒಂದೇ ಒಂದು ಹಿಂಗಾಲು. ಕತ್ತಲೆ ಜೀರುಂಡೆಯ ಹಿಂಪಾದಕ್ಕೆ ನಾಲ್ಕು ಗೆಣ್ಣು, ನೆಲಜೀರುಂಡೆಗೆ ಐದು. ಇದಕ್ಕೆ ಐದಿತ್ತು. ಆ ದಿನ ಪರಿಶೀಲನೆಗೆಂದು ಪರವೂರಿನಿಂದ ಬರಲಿದ್ದ ತಜ್ಞೆ ಮೇಡಂ ಒಪ್ಪಿದರೆ ನೆಲಜೀರುಂಡೆ ವಿಭಾಗವೂ ಕಿಟಕಿ ಪಕ್ಕದ ಮೇಜೂ ಹುಳಪ್ಪನದು. ಇಲ್ಲವಾದರೆ ಮತ್ತೆ ಡಾಂಬರು ಗುಳಿಗೆ.

ಇದ್ಯಾವುದೂ ಮೇಲಿನ ಮೆಟ್ಟಿಲಲ್ಲಿ ಪೇಪರ್ ಹಿಡಿದು ನಿಂತಿದ್ದ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಗೊತ್ತಿರಲಿಲ್ಲ. ಅವರು ಹೆಂಡತಿಯನ್ನು 'ನಮ್ಮ ಕುಟುಂಬ' ಎಂದೇ ಕರೆಯುವ ಕಾಲದವರು.

ಹುಳಪ್ಪ ಶರ್ಟು ತೊಟ್ಟು, ಇನ್ನೊಮ್ಮೆ ನೋಡಲೆಂದು ಮನೆಗೆ ತಂದಿದ್ದ ಜೀರುಂಡೆಯ ಪುಟ್ಟ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಇಳಿಯುವಷ್ಟರಲ್ಲಿ ಅವರು ಅಡ್ಡ ನಿಂತರು.

"ಹೊಸ ಕುಟುಂಬ ಅಂದ ಹಾಗಿತ್ತು?"

ಹುಳಪ್ಪನ ಮುಖ ಅರಳಿತು. ಈ ಕಟ್ಟಡದಲ್ಲಿ ಅವನ ಕೆಲಸದ ಬಗ್ಗೆ ಕೇಳಿದವರೇ ಇಲ್ಲ. "ಹೌದು ಸರ್. ಹಳೇ ಕುಟುಂಬಕ್ಕೂ ಇದಕ್ಕೂ ಹೊಂದಾಣಿಕೇನೇ ಇಲ್ಲ."

"ಈ ವಯಸ್ಸಲ್ಲೇನಪ್ಪಾ?"

"ವಯಸ್ಸಾದಷ್ಟೂ ಕಷ್ಟ ಸರ್, ಕಾಲು ಉದುರಿ ಹೋಗುತ್ತೆ."

ಪೋಸ್ಟ್‌ಮಾಸ್ಟರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ಆ ಕಡೆ ಬಳಗ ದೊಡ್ಡದಾ?"

"ಸುಮಾರು ನಲವತ್ತು ಸಾವಿರ ಸರ್. ತುಂಬಾ ಜನ ರಾತ್ರಿ ಬೇಟೆಗೆ ಓಡಾಡೋರು. ಅದರಲ್ಲಿ ಕೆಲವರಂತೂ ಮೈಮುಟ್ಟಿದ್ರೆ ಹಿಂದಿನಿಂದ ಕುದಿಯೋ ನೀರು ಎರಚ್ತಾರೆ." ಪ್ರೀತಿ ಹೆಚ್ಚಾದಾಗ ಹುಳಪ್ಪನ ಬಾಯಲ್ಲಿ ಹುಳಗಳೆಲ್ಲ ಮನುಷ್ಯರಾಗಿಬಿಡುತ್ತಿದ್ದವು.

"ಅಂಥವರನ್ನೆಲ್ಲ ಹೇಗಪ್ಪಾ ಸುಧಾರಿಸ್ತೀಯ?"

"ಸೂಜಿ ಚುಚ್ಚಿ ನಿಲ್ಲಿಸಿಬಿಟ್ರೆ ಸುಮ್ನಿರ್ತಾರೆ ಸರ್."

ಪೋಸ್ಟ್‌ಮಾಸ್ಟರು ಪೇಪರನ್ನು ಅಲ್ಲೇ ಬಿಟ್ಟು ಹುಳಪ್ಪನ ಹೆಂಡತಿಯ ಬಳಿಗೆ ಓಡಿದರು. ಸರ್ವಿಸಿನಲ್ಲಿದ್ದಾಗ ಒಂದು ತಂತಿಯನ್ನೂ ಇಷ್ಟು ಬೇಗ ಮುಟ್ಟಿಸಿದವರಲ್ಲ. ಹುಳಪ್ಪ ಬಸ್ ಸ್ಟಾಪ್ ಸೇರುವ ಮೊದಲೇ ಅವನ ಭಾಮೈದ ಗ್ಯಾರೇಜಿನಿಂದ ಎದ್ದು ಬಂದಿದ್ದ. ಅವನ ತೋಳೆಂದರೆ ಒಂದೊಂದೂ ಬೀರುವಿನ ಕಾಲಿದ್ದ ಹಾಗೆ.

"ಏನ್ ಭಾವ, ಹೊಸ ಕುಟುಂಬ ಅಂತೆ."

"ನಿನಗೂ ಗೊತ್ತಾಯ್ತಾ? ನಿಮ್ಮಕ್ಕನಿಗಿನ್ನೂ ಹೇಳಿಲ್ಲ ಕಣೋ. ಎಲ್ಲಾ ಗಟ್ಟಿಯಾದ್ಮೇಲೆ ಒಟ್ಟಿಗೇ ಹೇಳೋಣ ಅಂತ."

"ಎಲ್ಲಿಟ್ಟಿದೀರಾ?"

"ಇಲ್ಲೇ, ಎದೆ ಮೇಲೆ," ಎಂದು ಹುಳಪ್ಪ ಜೇಬು ತಟ್ಟಿಕೊಂಡ.

ಬೀರುವಿನ ಕಾಲು ಬೀಸಿ ಬಂದು ಶರ್ಟಿನ ಎದೆಯನ್ನೇ ಹಿಡಿದು ಎತ್ತಿತು. ಜೇಬಿನೊಳಗೆ 'ಚಟ್' ಎಂದಿತು. ಡಬ್ಬಿಯ ಮುಚ್ಚಳ ಹಾರಿಹೋಯಿತು.

ಎಲ್ಲ ವಿವರಿಸಿ ಮುಗಿಸಿದ ಮೇಲೆ ಭಾಮೈದ ಡಬ್ಬಿಯೊಳಗೆ ಇಣುಕಿದ. "ಈ ಜಿರಲೆಗೋಸ್ಕರನಾ ಇಷ್ಟೆಲ್ಲಾ?"

"ಜಿರಲೆ ಅಲ್ಲ."

"ಮೊದಲೇ ಹುಳ ಅಂತ ಹೇಳೋಕಾಗಲ್ವಾ ಭಾವ. ಪಾಪ, ಅಕ್ಕ ಆಗಲೇ ಬಟ್ಟೆ ತುಂಬ್ತಿದಾಳೆ."

ಹುಳಪ್ಪನಿಗೆ ಅದು ಕೇಳಿಸಲೇ ಇಲ್ಲ. ಜೀರುಂಡೆಯ ಹಿಂಪಾದದ ತುದಿ ಮುರಿದಿತ್ತು. ರಸ್ತೆಯಲ್ಲಿ ಮೊಣಕಾಲೂರಿ ಧೂಳನ್ನೆಲ್ಲ ಸೋಸಿದ. ಬಸ್ಸಿಗೆ ಕಾಯುತ್ತಿದ್ದವರೂ ಏನೆಂದು ಕೇಳದೆ ಒಟ್ಟಿಗೆ ಹುಡುಕಿದರು. ಯಾರೋ ಧೂಳಿನಿಂದ ಒಂದು ಕಿವಿಯೋಲೆ ಹೆಕ್ಕಿಕೊಟ್ಟರು. ತುದಿ ಮಾತ್ರ ಸಿಗಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಮೇಡಂ ಬಹಳ ಹೊತ್ತು ಲೆನ್ಸಿಗೆ ಕಣ್ಣಿಟ್ಟರು. "ಮೂರು ಗೆಣ್ಣಿದೆ, ಉಗುರಿಲ್ಲ. ಹೋಗಿರೋದು ಒಂದಾ, ಎರಡಾ?"

"ಎರಡು ಮೇಡಂ. ನನ್ನಾಣೆ."

"ಆಣೆ ಇಟ್ಟು ಜೀರುಂಡೆ ವಿಂಗಡಿಸೋಕಾಗುತ್ತೇನಪ್ಪಾ? ಸಂಜೆ ಬಸ್ಸಿಗೆ ಹೊರಡ್ತೀನಿ. ಅಷ್ಟರೊಳಗೆ ತುಂಡು ತಂದು ತೋರಿಸು. ಇಲ್ಲಾಂದ್ರೆ ಹಳೇ ಕುಟುಂಬದಲ್ಲೇ ಇರ್ಲಿ."

ಹುಳಪ್ಪ ವಾಪಸು ಬಂದು ಬಸ್ ಸ್ಟಾಪಿನ ಧೂಳನ್ನು ಇನ್ನೊಮ್ಮೆ ಜಾಲಾಡಿ, ಸೋತು ಮನೆಯ ಮೆಟ್ಟಿಲು ಹತ್ತಿದ. ಪೆಟ್ಟಿಗೆಯ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಭಾಮೈದ, ಪೋಸ್ಟ್‌ಮಾಸ್ಟರು, ಅವರ ಕುಟುಂಬ.

"ತಮ್ಮ ಎಲ್ಲಾ ಹೇಳ್ದ," ಎಂದಳು ಹೆಂಡತಿ. "ಆದ್ರೂ ಒಂದು ಮಾತು ಕೇಳ್ತೀನಿ. ಆ ಹುಳದ ಹೊಳಪು ಹೊಗಳಿದ ಹಾಗೆ ನನ್ನ ಬಣ್ಣದ ಬಗ್ಗೆ ಯಾವತ್ತಾದ್ರೂ ಮಾತಾಡಿದ್ರಾ?"

ಹುಳಪ್ಪ ತಲೆ ತಗ್ಗಿಸಿದ. ತಗ್ಗಿಸಿದವನು ಹಾಗೇ ಕಲ್ಲಾದ. ಜೇಬಿನ ಅಂಚಿನ ದಾರಕ್ಕೆ ಎರಡು ಸಣ್ಣ ಉಗುರು ಸಿಕ್ಕಿಕೊಂಡು ಜೋತಾಡುತ್ತಿದ್ದವು. ಉಗುರಿನ ಹಿಂದೆ ಒಂದು ಗೆಣ್ಣು. ಅದರ ಹಿಂದೆ ಇನ್ನೊಂದು.

ಉಸಿರು ಬಿಟ್ಟರೆ ಹಾರಿಹೋದೀತೆಂದು ಬಾಯಿ ಬಿಗಿಹಿಡಿದ. ಕಣ್ಣಲ್ಲಿ ನೀರು ಬಂತು. ಹತ್ತಿರ ಬರಬೇಡ ಎಂದು ಎರಡೂ ಕೈ ಎತ್ತಿ ಹೆಂಡತಿಗೆ ಸನ್ನೆ ಮಾಡಿದ.

ಹೆಂಡತಿ ಕರಗಿ ನೀರಾದಳು. "ಅಯ್ಯೋ, ಎಲ್ಲರೆದುರು ಕೈ ಮುಗಿಯೋದು ಬೇಡ ರೀ. ಬನ್ನಿ ಒಳಗೆ. ಶರ್ಟು ನೋಡಿ, ಏನ್ ಧೂಳು," ಎನ್ನುತ್ತಾ ಬಂದು ಎದೆಯನ್ನು ಪಟಪಟನೆ ಕೊಡವಿದಳು.

ಅಷ್ಟರಲ್ಲಿ ಫೋನ್ ಬಂತು. ಮೆಟ್ಟಿಲಾದ್ದರಿಂದ ಸಿಗ್ನಲ್ ಚೆನ್ನಾಗಿಯೇ ಇತ್ತು.

"ಸಿಗಲಿಲ್ಲ ಮೇಡಂ," ಎಂದ ಹುಳಪ್ಪ. "ಹೂಂ. ಹಳೇ ಕುಟುಂಬದಲ್ಲೇ ಇರ್ಲಿ."

ಪೋಸ್ಟ್‌ಮಾಸ್ಟರು ಅವನ ಬೆನ್ನು ತಟ್ಟಿದರು. "ಈಗ ದಾರಿಗೆ ಬಂದೆ ನೋಡು."