ಫಿಲಿಪ ಮಾಸ್ತರರ ಐವತ್ತೈದು ಇಂಚು

ಹಳೆಯ ಟಿವಿ ಸುಟ್ಟ ಮೇಲೆ ತಿಂಗಳೊಪ್ಪತ್ತು ಸುಮ್ಮನಿದ್ದ ಫಿಲಿಪ ಮಾಸ್ತರರು, ಸೆಮಿಫೈನಲ್ ಮ್ಯಾಚಿನ ದಿನ ಶಾಲೆಗೆ ರಜೆ ಹಾಕಿ ಒಂದು ತಪ್ಪು ಮಾಡಿದರು. ನೆಟ್ಟಗೆ ಅಂಗಡಿಗೆ ಹೋಗುವುದು ಬಿಟ್ಟು ಗೇಟಿನಲ್ಲಿ ನಿಂತು, "ನಲವತ್ಮೂರು ಇಂಚು ಸಾಕೋ, ಐವತ್ತೈದು ತರಬೇಕೋ?" ಎಂದು ಗಟ್ಟಿಯಾಗಿ ಯೋಚಿಸಿದರು.

ನೌಬಾದಿನ ಆ ಓಣಿಯಲ್ಲಿ ಗಟ್ಟಿಯಾಗಿ ಯೋಚಿಸಿದ್ದೆಲ್ಲ ಸಾರ್ವಜನಿಕ ಆಸ್ತಿ. ಎದುರುಮನೆಯ ಗುಮಾಸ್ತ ಕಾಶೀರಾಮ ಚಪ್ಪಲಿ ಮೆಟ್ಟಿಕೊಂಡೇ ಬಂದ. ಕರೆಂಟ್ ಆಫೀಸಿನಿಂದ ರಿಟೈರ್ ಆದ ಮುಜೀಬೋದ್ದೀನ ಸ್ಕ್ರೂಡ್ರೈವರ್ ಸಮೇತ ಹೊರಟರು.

ಅಂಗಡಿಯಲ್ಲಿ ಎರಡೂ ಟಿವಿಗಳಲ್ಲಿ ಒಂದೇ ಮೀನು ಈಜುತ್ತಿತ್ತು.

"ಐವತ್ತೈದೇ ತಗೋರಿ ಮಾಸ್ತರೆ. ಬಾಲ್ ಎದಿಮ್ಯಾಲ ಬಂದು ಬಿದ್ದಂಗ ಆಗ್ಬೇಕು" ಎಂದ ಕಾಶೀರಾಮ.

"ಅರೆ, ಇವರ ಪಡಸಾಲಿ ಎಷ್ಟದ? ಅದು ಒಳಗ ಬಂದ್ರ ಇವರು ಹೊರಗ ಕೂಡ್ಬೇಕಾಗ್ತದ. ನಲವತ್ಮೂರು ಬಸ್!" ಎಂದರು ಮುಜೀಬೋದ್ದೀನ.

ಸ್ಕ್ರೂಡ್ರೈವರ್ ಹಿಡಿದವರ ಮಾತಿಗೆ ತೂಕ ಹೆಚ್ಚು. ನಲವತ್ಮೂರು ಬಂತು. ಗೋಡೆಗೆ ಏರಿತು. ಚಿತ್ರ ತೊಳೆದಿಟ್ಟ ಗಾಜಿನಂತಿತ್ತು. ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ನರ್ಸ್ ಸುಸನ್ನಾ ಕೂಡ ಎದ್ದುಬಂದು, "ಛಲೋ ಅದ್ರಿ" ಎಂದರು. ಹೆಂಡತಿ ಒಂದೇ ಸಲಕ್ಕೆ ಒಪ್ಪಿದ್ದು ಕಂಡು ಮಾಸ್ತರರಿಗೆ ಭಯವೇ ಆಯಿತು.

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಆ ಬರಗಾಲದಲ್ಲಿ ನಲ್ಲಿಗಳಿಗೆ ಕೆಮ್ಮು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಹಿಂದಿನ ವಾರವಷ್ಟೇ ಓಣಿಯವರು ಸೇರಿ ಮಾಸ್ತರರ ಮನೆಯ ಛತ್ತಿನ ಮೇಲೆ ದೊಡ್ಡದೊಂದು ಕರಿ ಟಾಕಿ ಕೂರಿಸಿದ್ದರು. ಟ್ಯಾಂಕರಿನ ನೀರು ಅದಕ್ಕೆ ಏರಿ, ಗೇಟಿನ ನಲ್ಲಿಯಿಂದ ಎಲ್ಲರ ಕೊಡಕ್ಕೆ ಇಳಿಯುತ್ತಿತ್ತು.

ಟ್ಯಾಂಕರ್ ಹೋಗುವುದಕ್ಕೂ ಟಿವಿಯಲ್ಲಿ ವಾರ್ತೆ ಓದುವವಳ ಮುಖ ಒಡೆಯುವುದಕ್ಕೂ ಸರಿಹೋಯಿತು. ಫರ್ಸಿ ಕಲ್ಲು ಹಾಸಿದ ಅಂಗಳದಂತೆ ಚೌಕ ಚೌಕ. ಮೂಗು ಕಿವಿಯ ಕಡೆ ಸರಿದಿತ್ತು.

"ಶಾರ್ಪ್‌ನೆಸ್ ಜಾಸ್ತಿ ಆಗ್ಯಾದ" ಎಂದು ಮುಜೀಬೋದ್ದೀನ ರಿಮೋಟ್ ಒತ್ತಿದರು. ಅವಳು ಅರಿಶಿನ ಬಣ್ಣಕ್ಕೆ ತಿರುಗಿದಳು. ಇನ್ನೊಂದು ಒತ್ತಿದರು. ಹಸಿರಾದಳು. ಮೂಗು ಮಾತ್ರ ಕಿವಿಯ ಹತ್ತಿರವೇ ಉಳಿಯಿತು.

ಕಾಶೀರಾಮ ಹಿಗ್ಗಿದ. "ನಾ ಹೇಳಿದ್ನಿಲ್ಲ? ಅಷ್ಟು ದೊಡ್ಡ ಚಿತ್ರ ಇಷ್ಟು ಸಣ್ಣ ಡಬ್ಬ್ಯಾಗ ಹ್ಯಾಂಗ ಹಿಡೀಬೇಕ್ರಿ? ಇಕ್ಕಟ್ಟಾಗಿ ಒಡೀಲಿಕತ್ಯಾದ!"

ಮತ್ತೆ ಅಂಗಡಿ. ಅಲ್ಲಿ ಹಚ್ಚಿದರೆ ಅದೇ ಟಿವಿಯಲ್ಲಿ ಮೀನಿನ ಹುರುಪೆ ಕೂಡ ಎಣಿಸಬಹುದಿತ್ತು. "ನಿಮ್ಮ ಮನಿ ಇದಕ್ಕ ಆಗಿಬಂದಿಲ್ರಿ" ಎಂದ ಅಂಗಡಿಯ ಸೇಠ, ಮಾಸ್ತರರ ಮುಖ ನೋಡಿ ಕರುಣೆಯಿಂದ ಅದರ ಬದಲಿಗೆ ಐವತ್ತೈದು ಕೊಟ್ಟ.

ಔರಾದ ಕಡೆಯ ಮಂದಿ ಹೈದರಾಬಾದಿಗೆ ಗುಳೆ ಹೋಗುತ್ತಿದ್ದ ಕಾಲ. ಖಾಲಿ ಟೆಂಪೋ ಸಿಗಲಿಲ್ಲ. ಸಿಕ್ಕಿದ್ದರಲ್ಲಿ ಗಂಟು, ಒಲೆ, ಎರಡು ಕೋಳಿಯ ಜತೆ ಒಂದು ಕುಟುಂಬ ಕೂತಿತ್ತು. ಮುದುಕಿಯೊಬ್ಬಳು ಜಾಗ ಬಿಟ್ಟು ಡಬ್ಬಿ ಬೀಳದಂತೆ ತಬ್ಬಿ ಹಿಡಿದಳು.

"ಕೂಲರೇನಪ್ಪಾ?"

"ಟಿವಿ, ಅವ್ವಾ."

"ಇಷ್ಟು ದೊಡ್ಡದು! ಹಂಗಾದ್ರ ಮಳಿ ಯಾವಾಗ ಅಂತ ಇದರಾಗ ಸರಿಯಾಗಿ ಹೇಳ್ತಾರೇನು?"

ಮಾಸ್ತರರು ಡಬ್ಬಿಯ ಇನ್ನೊಂದು ತುದಿ ಹಿಡಿದುಕೊಂಡರು. ಇಳಿಯುವಾಗ ಅವಳಿಗೆ ಕೈ ಮುಗಿದರು.

ಮನೆಯಲ್ಲಿ ಹಚ್ಚಿದರೆ, ಐವತ್ತೈದು ಇಂಚಿನ ತುಂಬ ಲಕಲಕ ಚಿತ್ರ! ಕಾಶೀರಾಮ ಮೀಸೆ ತಿರುವಿದ. ಮುಜೀಬೋದ್ದೀನ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದರು.

ಸಂಜೆ ಟಾಸ್ ಹೊತ್ತಿಗೆ ಪಡಸಾಲೆ ಭರ್ತಿ. ನಾಣ್ಯ ಮೇಲೆ ಹಾರಿತು. ಕೆಳಗೆ ಬರುವಷ್ಟರಲ್ಲಿ ಚೌಕ ಚೌಕ.

"ಹೋಯ್ತು!" ಎಂದು ಮಾಸ್ತರರು ಕೂಗಿದರು.

"ತುಂಬ್ತು!" ಎಂದು ಛತ್ತಿನಿಂದ ಯಾರೋ ಕೂಗಿದರು.

ಅದು ಕಾಶೀರಾಮನ ಹೆಂಡತಿ ಕೇಶರಬಾಯಿ. ಮಧ್ಯಾಹ್ನದ ನೀರು ತೀರಿತ್ತೆಂದು, ಬೇರೆ ಓಣಿಗೆ ಹೊರಟಿದ್ದ ಟ್ಯಾಂಕರನ್ನು ಜಗಳಾಡಿ ತಿರುಗಿಸಿ ತಂದು ಟಾಕಿ ತುಂಬಿಸಿದ್ದಳು.

ಸುಸನ್ನಾ ಎದ್ದು ಮೇಲೆ ಹೋದರು. ಟಿವಿಯ ಡಿಶ್ ಎಂಬುದು ಅತ್ತೆಯ ಬೆನ್ನ ಹಿಂದೆ ನಿಂತ ಸೊಸೆಯ ಹಾಗೆ ಟಾಕಿಯ ಹಿಂದೆ ಅಡಗಿತ್ತು.

"ಟಾಕಿ ಖಾಲಿ ಇದ್ರ ಚಿತ್ರ ಬರ್ತದ, ತುಂಬಿದ್ರ ಹೋಗ್ತದ. ಟಿವಿಗೆ ಏನೂ ಆಗಿಲ್ರಿ!" ಎಂದು ಮೇಲಿಂದಲೇ ಹೇಳಿದರು.

ಮಾಸ್ತರರು ಗೇಟಿನ ನಲ್ಲಿಗೆ ಕೈ ಹಾಕಿದ್ದೇ ತಡ, ಓಣಿಯ ಹೆಂಗಸರೆಲ್ಲ ಸುತ್ತ ನಿಂತರು. ಮೆಟ್ಟಿಲಿಳಿದು ಬಂದ ಕೇಶರಬಾಯಿ ಸೆರಗು ಸಿಗಿಸಿದಳು. "ಒಂದು ಹನಿ ಚೆಲ್ಲಿ ನೋಡ್ರಿ ಮಾಸ್ತರೆ!"

ಕೈ ತಾನಾಗಿ ಹಿಂದೆ ಬಂತು.

"ಡಿಶ್ ಸರಸ್ತೇನಿ, ಎರಡು ಮಿನಿಟಿನ ಕೆಲಸ" ಎಂದು ಮುಜೀಬೋದ್ದೀನ ಮೇಲೇರಿದರು. ಅವರು ತಿರುಗಿಸಿದ ಮೇಲೆ ಚೌಕಗಳೂ ಹೋದವು. ಐವತ್ತೈದು ಇಂಚು ಶುದ್ಧ ಕತ್ತಲೆ.

ಆಗ ಕಾಶೀರಾಮ ಕೆಮ್ಮಿದ. "ನಮ್ಮ ಛತ್ತಿನ ಡಿಶ್‌ಗೆ ಏನೂ ಅಡ್ಡ ಇಲ್ರಿ, ಟಿವಿ ಮಾತ್ರ ಅಂಗೈಯಷ್ಟದ. ಇವತ್ತೊಂದಿನ ನಮ್ಮನಿಗೆ ಒಯ್ಯೋಣ?"

ಬೇರೆ ದಾರಿ ಇರಲಿಲ್ಲ. ದೇವರ ಪಲ್ಲಕ್ಕಿಯಂತೆ ಹೊತ್ತು ಒಯ್ದರು. ತಂತಿಗಳನ್ನೆಲ್ಲ ಬಿಚ್ಚಿ ಮಡಚಿಕೊಂಡು ಮಾಸ್ತರರು ಹಿಂದಿನಿಂದ ಹೋಗುವಷ್ಟರಲ್ಲಿ, ಕಾಶೀರಾಮನ ತಂತಿಗೇ ಟಿವಿ ಶುರುವಾಗಿತ್ತು. ಹೊಸ್ತಿಲವರೆಗೆ ಹೆಂಗಸರು ಕೂತಿದ್ದರು. ರಿಮೋಟ್ ಕೇಶರಬಾಯಿಯ ತೊಡೆಯ ಮೇಲಿತ್ತು. ಪರದೆಯ ಮೇಲೆ ಬಂಗಾರದ ಬಳೆಯ ಅತ್ತೆಯೊಬ್ಬಳು ಸೊಸೆಯನ್ನು ಬೈಯುತ್ತಿದ್ದಳು. ಕಣ್ಣೀರಿನ ಹನಿ ಹನಿಯೂ ಸ್ಪಷ್ಟ!

"ಮ್ಯಾಚ್..." ಎಂದರು ಮಾಸ್ತರರು.

"ಶ್!" ಎಂದಿತು ಓಣಿ.

ಕಾಶೀರಾಮ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಜಾಹೀರಾತು ಬಂದಾಗ ಕೇಶರಬಾಯಿಯ ಕಣ್ಣು ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತವರ ಮೇಲೆ ಬಿತ್ತು. ಅವಳಿಗೆ ನಿಜವಾಗಿಯೂ ಕೆಡುಕೆನಿಸಿತು.

"ಅಯ್ಯ, ಯಾಕ ಹೊರಗ ನಿಂತೀರಿ ಮಾಸ್ತರೆ? ಸಂಕೋಚ ಮಾಡ್ಕೋಬ್ಯಾಡ್ರಿ, ಬರ್ರಿ, ನಿಮ್ಮದೇ ಟಿವಿ ಅಂತ ತಿಳ್ಕೊಳ್ರಿ!"